ಡಿಸ್ಕನ್ನು ಭಾಗಗಳಾಗಿ ವಿಂಗಡಿಸುವ (ಪಾರ್ಟಿಷನ್ ಮಾಡುವ) ಪಾರ್ಟೆಡ್‌ನಂಥ ತಂತ್ರಾಂಶದ ಬಗ್ ಸರಿಪಡಿಸುವಾಗ, ನನ್ನ ಡಿಸ್ಕ್ ಹಾಳಾಗದಂತೆ ಪರೀಕ್ಷಿಸುವುದು ಹೇಗೆ?

ನಿಜವಾದ ಡಿಸ್ಕನ್ನು ಮುಟ್ಟಲೇಬೇಡಿ, ಲಿನಕ್ಸ್‌ನಲ್ಲಿ ಒಂದು ಖಾಲಿ ಫೈಲ್ ಸಾಕು. 'ಟ್ರಂಕೇಟ್' ಕಮಾಂಡಿನಿಂದ 3 ಟಿಬಿ ಫೈಲ್ ಮಾಡಿ. ಗಾಬರಿ ಬೇಡ, ಅದು ಹೆಸರಿಗಷ್ಟೇ 3 ಟಿಬಿ. ಬರೆದಷ್ಟೇ ಜಾಗ ಹಿಡಿಯುತ್ತದೆ. ಅದನ್ನು 'ಲೋಸೆಟಪ್' ಮೂಲಕ ಲೂಪ್ ಡಿವೈಸ್ ಆಗಿ, ಅಂದರೆ ಫೈಲೇ ಡಿಸ್ಕಿನಂತೆ ಕಾಣುವ ಹಾಗೆ, ಜೋಡಿಸಿದರೆ ಪಾರ್ಟೆಡ್‌ಗೆ ಅದೂ ಒಂದು ಡಿಸ್ಕೇ.

3 ಟಿಬಿ ಯಾಕೆ ಅಂದರೆ, ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು) ಸಂಖ್ಯೆಯನ್ನು 32 ಬಿಟ್‌ನಲ್ಲಿ ಇಟ್ಟುಕೊಂಡ ಕೋಡ್, 512 ಬೈಟ್ ಸೆಕ್ಟರ್ ಇದ್ದಾಗ ಸುಮಾರು 2 ಟಿಬಿ ದಾಟಿದ ಕೂಡಲೇ ಎಡವುತ್ತದೆ. ಆಮೇಲೆ ಸೆಕ್ಟರ್ ಗಾತ್ರವನ್ನು 4096 ಮಾಡಿ ಮತ್ತೆ ಓಡಿಸಿ. ಲೋಸೆಟಪ್‌ನಲ್ಲೇ ಅದಕ್ಕೆ ಆಯ್ಕೆ ಇದೆ. ಯೋಚಿಸದೆ ಸುಮ್ನೆ 512 ಎಂದು ಬರೆದುಬಿಟ್ಟ ಜಾಗಗಳೆಲ್ಲ ಆಗ ಸಿಕ್ಕಿಬೀಳುತ್ತವೆ.

ಎಂಟರ್ ಒತ್ತುವ ಮೊದಲು ಡಿವೈಸ್ ಹೆಸರನ್ನು ಎರಡು ಸಲ ನೋಡಿ: ಲೂಪ್0 ತಾನೇ, ನಿಜವಾದ ಡಿಸ್ಕಿನ ಹೆಸರಾದ ಎಸ್‌ಡಿಎ ಅಲ್ಲವಲ್ಲ?