ಕಲಾ ಕ್ಲಬ್‌ನ ಮಕ್ಕಳಿಂದ ಬಟ್ಟೆಯ ಮೇಲೆ ಮನೆಯ ಚಿತ್ರ ಹೊಲಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇದು: 8ರಿಂದ 12 ವರ್ಷದ 12 ಮಕ್ಕಳು, ಒಂದೂವರೆ ಗಂಟೆಯ 4 ತರಗತಿಗಳು. ಪ್ರತಿ ಮಗುವೂ ತನ್ನ ಮನೆಯ ಚಿತ್ರವನ್ನು ಬಟ್ಟೆ ತುಂಡು, ದಾರಗಳಲ್ಲಿ ಹೊಲಿದು ಮುಗಿಸಬಹುದೇ? ಮುಗಿಸಬಹುದು. ಆದರೆ ಈ ಕೆಲಸ ಅರ್ಧಕ್ಕೆ ನಿಂತರೆ ತಪ್ಪು ಸಾಮಾನ್ಯವಾಗಿ ಸೂಜಿಯದಲ್ಲ, ಮೊದಲ ದಿನ ಕಾಗದದ ಮೇಲೆ ಬರೆದ ಚಿತ್ರದ್ದು. ಪೆನ್ಸಿಲ್ ಕೊಟ್ಟರೆ ಮಗು ಹತ್ತು ಕಿಟಕಿ, ಪ್ರತಿ ಕಿಟಕಿಗೂ ಸರಳು, ಮೇಲೊಂದು ನೀರಿನ ಟ್ಯಾಂಕು, ತಂತಿ, ಕಾಗೆ ಎಲ್ಲವನ್ನೂ ಬರೆಯುತ್ತದೆ. ಅಷ್ಟನ್ನೂ ಹೊಲಿಯಲು 4 ತರಗತಿ ಎಲ್ಲಿ ಸಾಕು?

ಅದಕ್ಕೇ ಪೆನ್ಸಿಲ್ ಬೇಡ, ದಪ್ಪ ಮಾರ್ಕರ್ ಕೊಡಿ. ಕಾಗದ 20 ಸೆಂ.ಮೀ. ಚೌಕ. ದಪ್ಪ ಗೆರೆಯಲ್ಲಿ ಸಣ್ಣದನ್ನು ಬರೆಯಲು ಆಗುವುದೇ ಇಲ್ಲ, ಹಾಗಾಗಿ ಚಿತ್ರ ತಾನಾಗಿ ಸರಳವಾಗುತ್ತದೆ. ಜೊತೆಗೆ ಒಂದೇ ಒಂದು ನಿಯಮ: ಮಗುವಿನ ಹೆಬ್ಬೆರಳ ತುದಿಗಿಂತ ಚಿಕ್ಕದಾದ ಯಾವುದನ್ನೂ ಬಟ್ಟೆಯಲ್ಲಿ ಕತ್ತರಿಸುವುದಿಲ್ಲ, ಅದು ದಾರದ ಪಾಲಿಗೆ. ಗೋಡೆ, ಚಾವಣಿ, ಬಾಗಿಲು, ಎರಡು ಕಿಟಕಿ, ನೆಲ, ಬೇಕಿದ್ದರೆ ಒಂದು ಮರ. ಏಳು ತುಂಡು ದಾಟಬಾರದು. ಗೋಡೆ ಸೊಟ್ಟಗಿದ್ದರೆ ಹಾಗೇ ಬಿಡಿ. ಸ್ಕೇಲ್ ಹಿಡಿದು ತಿದ್ದಿದರೆ ಹನ್ನೆರಡೂ ಮನೆಗಳು ಒಂದೇ ಅಚ್ಚಿನವಾಗುತ್ತವೆ. ಹಿಂದಿನವರ ಕೆಲಸ ತೋರಿಸುವುದಾದರೆ ಅಮೆರಿಕದ ಕ್ವಿಲ್ಟ್‌ಗಳಲ್ಲಿ (ಬಟ್ಟೆ ತುಂಡು ಜೋಡಿಸಿ ಹೊಲಿದ ಕೌದಿಗಳಲ್ಲಿ) ಬರುವ ‘ಸ್ಕೂಲ್‌ಹೌಸ್’ ವಿನ್ಯಾಸ ತೋರಿಸಿ: ಬರೀ ನೇರ ಅಂಚಿನ ತುಂಡುಗಳು ಸೇರಿ ಮನೆಯಾಗುವುದು ಅಲ್ಲಿ ಕಾಣುತ್ತದೆ. 1970ರ ದಶಕದಲ್ಲಿ ಚಿಲಿಯ ಹೆಂಗಸರು ಗೋಣಿಬಟ್ಟೆಯ ಮೇಲೆ ಚಿಂದಿ ಹೊಲಿದು ಮಾಡಿದ ಅರ್ಪಿಯೆರಾಗಳೂ ಚೆನ್ನ. ಅವುಗಳಲ್ಲಿ ಮನೆಗಳ ಹಿಂದೆ ಬೆಟ್ಟದ ಸಾಲು ಹೇಗೆ ಕೂತಿದೆ ಎಂದು ಮಕ್ಕಳು ಬೇಗ ಗುರುತಿಸುತ್ತಾರೆ.

ತಳಕ್ಕೆ ಸಾದಾ ನೇಯ್ಗೆಯ, ತುಸು ದಪ್ಪಗಿನ ಹತ್ತಿ ಬಟ್ಟೆ, 30 ಸೆಂ.ಮೀ. ಚೌಕ. ಚಿತ್ರ ನಡುವಿನ 20 ಸೆಂ.ಮೀ.ಯಲ್ಲಿ, ಸುತ್ತ 5 ಸೆಂ.ಮೀ. ಖಾಲಿ. ಈ ಅಂಚು ವ್ಯರ್ಥವಲ್ಲ, ಕಸೂತಿ ರಿಂಗ್ (ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಜೋಡಿ ಬಳೆ) ಹಿಡಿಯಲು ಮತ್ತು ಕೊನೆಗೆ ರಟ್ಟಿನ ಹಿಂದಕ್ಕೆ ಮಡಚಲು ಅದೇ ಬೇಕು. ಮೊದಲೇ ಒಮ್ಮೆ ಒಗೆದು ಗಂಜಿ ತೆಗೆಯಿರಿ. ಮನೆಗಳನ್ನೆಲ್ಲ ಕೊನೆಗೆ ಒಂದು ಬೀದಿಯಾಗಿ ಜೋಡಿಸುವ ಯೋಚನೆಯಿದ್ದರೆ, ಎಲ್ಲ ತಳಬಟ್ಟೆಗಳ ಮೇಲೂ ಕೆಳ ಅಂಚಿನಿಂದ 8 ಸೆಂ.ಮೀ. ಎತ್ತರಕ್ಕೆ ನೆಲದ ಗೆರೆಯನ್ನು ನೀವೇ ಎಳೆದು ಕೊಡಿ. ಇಲ್ಲದಿದ್ದರೆ ಒಂದು ಮನೆ ನೆಲದಲ್ಲಿ, ಪಕ್ಕದ್ದು ಗಾಳಿಯಲ್ಲಿ. ಮೇಲಿನ ತುಂಡುಗಳಿಗೆ ತೆಳು ಹತ್ತಿ ಬಟ್ಟೆ, ಚಿಕ್ಕವರಿಗೆ ಎಳೆ ಬಿಡದ ಫೆಲ್ಟ್ (ನೇಯದೆ ಒತ್ತಿ ಮಾಡಿದ ಬಟ್ಟೆ). ಟೀ ಶರ್ಟ್ ಬಟ್ಟೆ ಎಳೆದಂತೆ ಹಿಗ್ಗುತ್ತದೆ, ಸ್ಯಾಟಿನ್ ಜಾರುತ್ತದೆ, ಜೀನ್ಸ್ ಎರಡು ಪದರವಾದರೆ ಮಗುವಿನ ಬೆರಳಿಗೆ ಸೂಜಿ ದಾಟಿಸುವ ಬಲ ಸಾಲದು. ಪಟ್ಟೆ ಬಟ್ಟೆ ಚಾವಣಿಗೆ, ಚೌಕುಳಿ ಗೋಡೆಗೆ ತಾನಾಗಿ ಹೊಂದುತ್ತದೆ. ಬಾಗಿಲಿನ ಬಣ್ಣ ಗೋಡೆಯ ಬಣ್ಣದಲ್ಲಿ ಮುಳುಗಿಹೋಗುತ್ತದೋ ಎಂಬ ಅನುಮಾನ ಬಂದರೆ ಕಣ್ಣು ಅರ್ಧ ಮುಚ್ಚಿ ನೋಡಲು ಹೇಳಿ.

ಈಗ ಸೂಜಿ. ಚುಚ್ಚದಿರಲಿ ಎಂದು ಮೊಂಡು ತುದಿಯ ಟೇಪೆಸ್ಟ್ರಿ ಸೂಜಿ ಕೊಡುವವರೇ ಹೆಚ್ಚು. ನನ್ನ ಪ್ರಕಾರ ಅದು ತಪ್ಪು. ಒತ್ತಾಗಿ ನೇಯ್ದ ಹತ್ತಿ ಬಟ್ಟೆಯಲ್ಲಿ ಅದು ಇಳಿಯುವುದಿಲ್ಲ. ಮಗು ಬಲ ಹಾಕಿ ತಳ್ಳುತ್ತದೆ, ಸೂಜಿ ತಟ್ಟನೆ ನುಗ್ಗಿ ಕೆಳಗಿನ ಕೈಗೆ ತಾಗುತ್ತದೆ. ಚೂಪು ತುದಿ, ದೊಡ್ಡ ಕಣ್ಣಿನ ಶೆನಿಲ್ ಸೂಜಿ, 22 ಅಥವಾ 24ನೇ ನಂಬರ್, ತರಿಸಿ. ನಂಬರ್ ಹೆಚ್ಚಿದಷ್ಟೂ ಸೂಜಿ ಸಣ್ಣದು ಎನ್ನುವುದು ನೆನಪಿರಲಿ. ಕಸೂತಿ ದಾರದಲ್ಲಿ ಸಾಮಾನ್ಯವಾಗಿ 6 ಎಳೆ ಇರುತ್ತದೆ, 3 ಸಾಕು. ಮೂರನ್ನೂ ಒಟ್ಟಿಗೆ ಹಿರಿದರೆ ಉಳಿದದ್ದು ಗಂಟಾಗುತ್ತದೆ. ಒಂದೊಂದೇ ಎಳೆಯನ್ನು ನೇರ ಮೇಲಕ್ಕೆ ಎಳೆದು, ಆಮೇಲೆ ಮೂರನ್ನು ಕೂಡಿಸಬೇಕು. ಉದ್ದ ಮಗುವಿನ ಸ್ವಂತ ಮೊಳದ ಲೆಕ್ಕ: ಮೊಣಕೈಯಿಂದ ನಡುಬೆರಳಿನ ತುದಿವರೆಗೆ, ಮೇಲೆ ನಾಲ್ಕು ಬೆರಳು. ಮತ್ತೆ ಮತ್ತೆ ಪೋಣಿಸುವ ಬೇಸರಕ್ಕೆ ಮಕ್ಕಳು ಮಾರುದ್ದ ಕತ್ತರಿಸಿಕೊಳ್ಳುತ್ತಾರೆ. ಅದು ಸಿಕ್ಕಾಗದೆ ಬಿಡುವುದಿಲ್ಲ.

ಕತ್ತರಿಯ ಮಾತು ಚಿಕ್ಕದು: ಕಾಗದ ಕತ್ತರಿಸುವ ಗುಂಡು ತುದಿಯ ಕತ್ತರಿ ಬಟ್ಟೆಯನ್ನು ಜಗಿಯುತ್ತದೆ, ಕತ್ತರಿಸುವುದಿಲ್ಲ. ಬಟ್ಟೆಗೇ ಬೇರೆ ಹರಿತದ ಕತ್ತರಿ ಇಡಿ, ಅದರಲ್ಲಿ ಕಾಗದ ಮುಟ್ಟಬೇಡಿ. ಎಡಗೈ ಮಕ್ಕಳಿದ್ದರೆ ಎಡಗೈ ಕತ್ತರಿಯೂ ಒಂದಿರಲಿ.

ಬರೆದ ಕಾಗದವನ್ನೇ ಭಾಗಭಾಗವಾಗಿ ಕತ್ತರಿಸಿ ಬಟ್ಟೆ ಕತ್ತರಿಸಲು ಅಳತೆಯ ಮಾದರಿ ಮಾಡಿಕೊಳ್ಳಬಹುದು. ಆದರೆ ಅದಕ್ಕೂ ಮೊದಲು ಚಿತ್ರದ ಒಂದು ಫೋಟೊ ತೆಗೆದಿಡಿ, ಜೋಡಿಸುವಾಗ ಯಾವುದು ಎಲ್ಲಿತ್ತೆಂದು ಯಾರಿಗೂ ನೆನಪಿರುವುದಿಲ್ಲ. ಇಲ್ಲಿ ಮುಖ್ಯವಾದದ್ದು ಒಂದರ ಕೆಳಗೊಂದು ತೂರುವ ಅಂಚು. ಗೋಡೆಯನ್ನು ಚಾವಣಿಯ ಅಂಚಿಗೆ ಸರಿಯಾಗಿ ಕತ್ತರಿಸಿದರೆ ಹೊಲಿಯುವಷ್ಟರಲ್ಲಿ ಎರಡೂ ಸ್ವಲ್ಪ ಸರಿದು ನಡುವೆ ತಳಬಟ್ಟೆ ಇಣುಕುತ್ತದೆ. ಗೋಡೆಯ ಮೇಲಂಚಿಗೆ 1 ಸೆಂ.ಮೀ. ಹೆಚ್ಚು ಬಿಟ್ಟು ಅದನ್ನು ಚಾವಣಿಯ ಕೆಳಗೆ ತೂರಿಸಿ. ಮರ ಮನೆಯ ಹಿಂದಿದ್ದರೆ ಮೊದಲು ಮರ, ಆಮೇಲೆ ಗೋಡೆ, ಆಮೇಲೆ ಚಾವಣಿ, ಕೊನೆಗೆ ಬಾಗಿಲು ಕಿಟಕಿ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು: ದೂರದ್ದು ಮೊದಲು. ಹೆಂಚಿನ ಚಾವಣಿಗೆ ಪಟ್ಟಿಗಳನ್ನು ಸಾಲಾಗಿ ಹಚ್ಚುವುದಾದರೆ ಕೆಳಗಿನ ಸಾಲು ಮೊದಲು, ಅದರ ಮೇಲೆ ಅರ್ಧ ಬೆರಳು ಹತ್ತಿಸಿ ಮುಂದಿನ ಸಾಲು. ನಿಜವಾದ ಹೆಂಚು ಹೊದಿಸುವುದೂ ಹೀಗೇ. ಮೇಲಿನಿಂದ ಶುರುಮಾಡಿದರೆ ಪ್ರತಿ ಸಾಲಿನ ಹರಿದ ಅಂಚೂ ಹೊರಗೆ ಕಾಣುತ್ತದೆ.

ತುಂಡು ಸರಿಯದಂತೆ ಹಿಡಿಸಲು ಗುಂಡುಸೂಜಿ ಬೇಡ, ದಾರ ಅದಕ್ಕೇ ಸುತ್ತಿಕೊಳ್ಳುತ್ತದೆ. ಗ್ಲೂ ಸ್ಟಿಕ್ಕನ್ನು ತುಂಡಿನ ನಡುಭಾಗಕ್ಕಷ್ಟೇ ಸವರಿ. ಬಿಳಿ ಗೋಂದನ್ನು ಅಂಚಿನವರೆಗೆ ಬಳಿದರೆ ಒಣಗಿ ಗಟ್ಟಿಯಾಗುತ್ತದೆ, ಆ ಅಂಚಿನಲ್ಲಿ ಸೂಜಿ ಇಳಿಯುವುದಿಲ್ಲ. ಇಸ್ತ್ರಿಯ ಬಿಸಿಗೆ ಅಂಟುವ, ಕಾಗದದ ಬೆನ್ನಿರುವ ಫ್ಯೂಸಿಂಗ್ ಹಾಳೆ ಬಳಸಿದರೆ ಎಳೆ ಬಿಡುವ ಕಾಟ ಕಡಿಮೆಯಾಗುತ್ತದೆ, ಆದರೆ ಎರಡು ಎಚ್ಚರಿಕೆ. ಅದರ ಕಾಗದದ ಮೇಲೆ ಬರೆದ ಆಕಾರ ಮುಂಭಾಗದಲ್ಲಿ ಎಡಬಲ ತಿರುಗಿ ಬರುತ್ತದೆ: ಬಲಕ್ಕಿದ್ದ ಮೆಟ್ಟಿಲು ಎಡಕ್ಕೆ, ಮನೆಯ ನಂಬರ್ ಕನ್ನಡಿಯಲ್ಲಿ ಕಂಡಂತೆ. ಮತ್ತೆ, ಅಕ್ರಿಲಿಕ್ ಫೆಲ್ಟ್ ಬಿಸಿ ಇಸ್ತ್ರಿಗೆ ಕರಗುತ್ತದೆ. ಇಸ್ತ್ರಿ ಹೇಗೂ ದೊಡ್ಡವರ ಕೆಲಸ.

ಹೊಲಿಗೆಗೆ ಬರೋಣ. ತುಂಡುಗಳನ್ನು ಹಿಡಿಸಲು ಸಾದಾ ಓಟದ ಹೊಲಿಗೆ (ಸೂಜಿ ಮೇಲೆ ಕೆಳಗೆ ಹಾಯುತ್ತ ಮುಂದೆ ಸಾಗುವುದು) ಒಂದೇ ಸಾಕು: ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ, ಅರ್ಧ ಸೆಂ.ಮೀ. ಉದ್ದದ ಹೊಲಿಗೆ. ಅಂಚಿಗೆ ತೀರ ಹತ್ತಿರ ಹೋದರೆ ಎಳೆಗಳ ಸಮೇತ ಹೊಲಿಗೆ ಕಿತ್ತು ಬರುತ್ತದೆ. ಮೊದಲ ಗಂಟೆಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಸೂಜಿ ಕೆಳಕ್ಕೆ ಹೋಗುತ್ತದೆ, ಮುಂದಿನ ಚುಚ್ಚು ಮತ್ತೆ ಮೇಲಿನಿಂದಲೇ ಬೀಳುತ್ತದೆ, ದಾರ ಬಟ್ಟೆಯ ಅಥವಾ ರಿಂಗಿನ ಅಂಚನ್ನು ಬಳಸಿ ಬರುತ್ತದೆ. ‘ಕೆಳಗೆ ಹೋದದ್ದು ಕೆಳಗಿನಿಂದಲೇ ಮೇಲೆ ಬರಬೇಕು’ ಎಂದು ಹಾಡಿನಂತೆ ಹೇಳಿಸಿ. ಎರಡನೆಯದು, ತೊಡೆಯ ಮೇಲಿಟ್ಟು ಹೊಲಿದರೆ ಚಡ್ಡಿಯೋ ಲಂಗವೋ ಮನೆಗೆ ಸೇರಿ ಹೊಲಿದುಹೋಗುತ್ತದೆ. ಮೇಜಿನ ಮೇಲೇ ಕೆಲಸ ಮಾಡಲಿ.

ಬಟ್ಟೆ ಸುಕ್ಕಾಗುವುದು ದಾರ ಬಿಗಿಯಾದಾಗ. ರಿಂಗ್ ಇದ್ದರೆ ಇದು ಕಡಿಮೆ. 15ರಿಂದ 18 ಸೆಂ.ಮೀ. ರಿಂಗ್ ಮಕ್ಕಳ ಕೈಗೆ ಹಿಡಿಯುತ್ತದೆ, ಬೇಕಾದ ಕಡೆಗೆ ಸರಿಸಿಕೊಳ್ಳಬಹುದು. ತರಗತಿ ಮುಗಿದ ಮೇಲೆ ಅದನ್ನು ಬಿಚ್ಚಿಡಿ, ವಾರವಿಡೀ ಬಿಟ್ಟರೆ ದುಂಡಗಿನ ಮಡಿಕೆ ಕೂರುತ್ತದೆ. ಸಾಲು ಮುಗಿದು ಗಂಟು ಹಾಕುವ ಮೊದಲು ಹೊಲಿಗೆಯುದ್ದಕ್ಕೂ ಬೆರಳಾಡಿಸಿ ಬಟ್ಟೆಯನ್ನು ಸಡಿಲಿಸಿದರೆ ಅರ್ಧ ಸುಕ್ಕು ಅಲ್ಲೇ ಹೋಗುತ್ತದೆ. ದಾರ ಮಗುವಿನ ಒಂದು ಗೇಣು ಉಳಿದಾಗ ನಿಲ್ಲಿಸಬೇಕು. ಹಿಂಬದಿಯ ಮೂರು ನಾಲ್ಕು ಹೊಲಿಗೆಗಳ ಅಡಿ ತೂರಿಸಿ ಕತ್ತರಿಸಲು ಅಷ್ಟು ಬೇಕೇ ಬೇಕು.

ವಿವರಗಳೇ ನಿಜವಾದ ಖುಷಿ. ಕಿಟಕಿಯ ಚೌಕಟ್ಟಿಗೆ ಹಿಂದುಹೊಲಿಗೆ (ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಬಂದು ಚುಚ್ಚುವುದು), ದಾರಿಗೆ ಸರಪಳಿ ಹೊಲಿಗೆ (ಒಂದಕ್ಕೊಂದು ಕೂಡಿದ ಕುಣಿಕೆಗಳು), ಹುಲ್ಲಿಗೆ ಅಡ್ಡಾದಿಡ್ಡಿ ಒಂಟಿ ಹೊಲಿಗೆ. ಕಿಟಕಿಯ ಸರಳನ್ನು ಒಂದೇ ಉದ್ದ ದಾರದಲ್ಲಿ ಎಳೆದರೆ, ಒಂದೂವರೆ ಸೆಂ.ಮೀ. ಮೀರಿದ್ದು ಜೋತುಬಿದ್ದು ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ನಡುವೆ ಪುಟ್ಟ ಅಡ್ಡ ಹೊಲಿಗೆಯಿಂದ ಕಟ್ಟಿಹಾಕಿ. ಸೂಜಿಗೆ ದಾರ ಸುತ್ತಿ ಹಾಕುವ ಫ್ರೆಂಚ್ ಗಂಟು ಚಿಕ್ಕ ಕೈಗಳಿಗೆ ಕಷ್ಟ, ಹೂವಿಗೆ ಗುಣಾಕಾರ ಚಿಹ್ನೆಯಂಥ (×) ಪುಟ್ಟ ಹೊಲಿಗೆ ಸಾಕು. ತೆರೆಯುವ ಬಾಗಿಲು ಮಾತ್ರ ಬಿಡಬೇಡಿ: 4 × 6 ಸೆಂ.ಮೀ. ಫೆಲ್ಟ್ ತುಂಡನ್ನು ಒಂದೇ ಬದಿ ಐದಾರು ಹೊಲಿಗೆಯಲ್ಲಿ ಹಿಡಿಸಿದರೆ ಆಯಿತು. ಒಳಗಿನ ಚಿತ್ರವನ್ನು ಬಾಗಿಲಿಗಿಂತ ಮೊದಲೇ ಹೊಲಿದಿರಬೇಕು, ಆಮೇಲೆ ಕೈ ಹೋಗುವುದಿಲ್ಲ.

ಮೊದಲ ತರಗತಿ ಬರೆದು ಕತ್ತರಿಸಲು, ಎರಡು ಮತ್ತು ಮೂರು ತುಂಡು ಹೊಲಿಯಲು, ನಾಲ್ಕು ವಿವರಕ್ಕೆ. 12 ಮಕ್ಕಳಿಗೆ ಮೂವರು ದೊಡ್ಡವರು ಬೇಕು. ಅವರಲ್ಲಿ ಒಬ್ಬರು ಸೂಜಿ ಪೋಣಿಸುವುದು ಬಿಟ್ಟು ಬೇರೇನೂ ಮಾಡುವುದಿಲ್ಲ ಎಂದುಕೊಳ್ಳಿ. ಪ್ರತಿ ಮಗುವಿಗೆ ಎರಡೇ ಸೂಜಿ, ಹೆಸರು ಬರೆದ ಫೆಲ್ಟ್ ತುಂಡಿಗೆ ಚುಚ್ಚಿ ಕೊಡಿ, ಎಣಿಸಿ ವಾಪಸ್ ಪಡೆಯಿರಿ. ಬಿದ್ದ ಸೂಜಿ ಹುಡುಕಲು ಒಂದು ಅಯಸ್ಕಾಂತ ಕೈಯಲ್ಲಿರಲಿ.

ಬಟ್ಟೆಯ ಮೇಲೆ ನೀರಿಗೆ ಅಳಿಸುವ ಪೆನ್ ಬಳಸಿದ್ದರೆ ಇಸ್ತ್ರಿಗೆ ಮೊದಲು ಒದ್ದೆ ಮಾಡಿ ಗೆರೆ ತೆಗೆಯಿರಿ. ಬಿಸಿ ತಾಗಿದರೆ ಆ ನೀಲಿ ಕಾಯಂ. ಬಿಸಿಗೆ ಮಾಯವಾಗುವ ಪೆನ್ನಿನದು ತದ್ವಿರುದ್ಧ, ತೀರ ಚಳಿಯಲ್ಲಿ ಗೆರೆ ಮರಳಿ ಕಾಣಬಹುದು. ಇಸ್ತ್ರಿ ಮಾಡುವಾಗ ದಪ್ಪ ಟವೆಲ್ ಮೇಲೆ ಮನೆಯನ್ನು ಬೋರಲು ಹಾಕಿ ಹಿಂದಿನಿಂದ ಒತ್ತಿ, ಹೊಲಿಗೆಯ ಉಬ್ಬು ಉಳಿಯುತ್ತದೆ. ಒಂಟಿಯಾಗಿ ತೂಗುಹಾಕಲು 20 ಸೆಂ.ಮೀ. ರಟ್ಟಿಗೆ ಹೊದಿಸಿ, ಹಿಂದೆ ಎದುರುಬದುರು ಅಂಚುಗಳನ್ನು ಗಟ್ಟಿ ದಾರದಿಂದ ಶೂ ಲೇಸಿನಂತೆ ಎಳೆದು ಕಟ್ಟಿ. ಬೀದಿ ಮಾಡುವುದಾದರೆ ಪಕ್ಕದ ಅಂಚುಗಳನ್ನು ಒಂದೂವರೆ ಸೆಂ.ಮೀ.ಗೆ ಇಳಿಸಿ, ನೆಲದ ಗೆರೆಗಳು ಕೂಡುವಂತೆ ಒಂದಕ್ಕೊಂದು ಹೊಲಿಯಿರಿ. ಹನ್ನೆರಡು ಮನೆ, 2 ಮೀಟರ್ 40 ಸೆಂ.ಮೀ. ಉದ್ದದ ಬೀದಿ. ಗೋಡೆಯಲ್ಲಿ ಅಷ್ಟು ಜಾಗವಿದೆಯೇ ಎಂದು ಮೊದಲೇ ಅಳೆದಿಟ್ಟುಕೊಳ್ಳಿ.