ಹಂಚಿನ ಮಾಡಿಗೆ ಗಾಜಿನ ಹಂಚು ಹಾಕಿದರೆ ಮಳೆಗಾಲದಲ್ಲಿ ಅಲ್ಲೇ ಸೋರುವುದೇಕೆ?

ಸೋರುವುದು ಗಾಜಿನಿಂದಲ್ಲ, ಅಚ್ಚು ಹೊಂದದ್ದರಿಂದ. ಹಂಚಿನ ಅಂಚಿನ ತೋಡು ಪಕ್ಕದ ಹಂಚಿನ ಉಬ್ಬುಗೆರೆಗೆ ಕಚ್ಚಿ ಕೂತರಷ್ಟೇ ನೀರು ಕೆಳಕ್ಕೆ ಹರಿಯುತ್ತದೆ. ಗಾಜಿನದು ಬೇರೆ ಅಚ್ಚಿನದಾದರೆ ಉಗುರು ತೂರುವಷ್ಟು ಸಂದಿ ಉಳಿಯುತ್ತದೆ. ಕಾರವಾರದ ಕಡಲಗಾಳಿಗೆ ಅಷ್ಟು ಸಾಕು, ಮಳೆನೀರನ್ನು ಒಳಕ್ಕೆ ತಳ್ಳುತ್ತದೆ. ಸಿಮೆಂಟ್ ಮೆತ್ತಬೇಡಿ: ಬಿಸಿಲಿಗೆ ಬಿರುಕು ಬಿಡುತ್ತದೆ, ನೀರಿನ ದಾರಿಯೂ ಕಟ್ಟುತ್ತದೆ.

ಮಾಡಿನ ಹಳೆಯ ಹಂಚೊಂದನ್ನು ಅಂಗಡಿಗೇ ಒಯ್ದು, ಜೋಡಿಸಿ ನೋಡಿ ಕೊಳ್ಳಿ. ಕೂರಿಸುವಾಗ ಮೇಲಂಚು ಮೇಲಿನ ಸಾಲಿನ ಅಡಿಗೆ, ಕೆಳಂಚು ಕೆಳಗಿನ ಸಾಲಿನ ಮೇಲೆ. ಹಿಂಬದಿಯ ಗುಬುಟು ರೀಪಿಗೆ, ಅಂದರೆ ಹಂಚು ಕೂರುವ ಅಡ್ಡಪಟ್ಟಿಗೆ, ಸಿಕ್ಕಿರಬೇಕು. ಪಶ್ಚಿಮದ ಇಳಿಜಾರು ಬೇಡವೇ ಬೇಡ, ಮುಂಗಾರಿನ ಗಾಳಿ, ಸಂಜೆ ಬಿಸಿಲು ಎರಡೂ ಹೊಡೆಯುವುದು ಅಲ್ಲೇ. ಉತ್ತರದ ಇಳಿಜಾರಿನಲ್ಲಾದರೆ ಸಣ್ಣ ಅಡುಗೆಮನೆಗೆ 2 ಹಂಚು ಸಾಕು.