ಪವರ್ ಬಿಐನಲ್ಲಿ ಎಕ್ಸೆಲ್ ಮತ್ತು ಎಸ್‌ಕ್ಯೂಎಲ್ ಡೇಟಾ ಮರ್ಜ್ ಮಾಡಿದ ಮೇಲೆ ಮಾರಾಟದ ಮೊತ್ತ ದುಪ್ಪಟ್ಟು ಬರುವುದೇಕೆ?

ಬಹುಮಟ್ಟಿಗೆ ಕಾರಣ ಒಂದೇ: ಮರ್ಜ್, ಅಂದರೆ ಎರಡು ಟೇಬಲ್‌ಗಳನ್ನು ಕೋಡ್ ನೋಡಿ ಜೋಡಿಸುವಾಗ, ಎರಡನೇ ಟೇಬಲ್‌ನಲ್ಲಿ ಅದೇ ಗ್ರಾಹಕ ಕೋಡ್ ಎರಡು ಸಲ ಇರುತ್ತದೆ. ಕೋಡ್ 00127ಕ್ಕೆ ಎಕ್ಸೆಲ್‌ನಲ್ಲಿ ಎರಡು ವಿಳಾಸದ ಸಾಲುಗಳಿದ್ದರೆ, ಮರ್ಜ್ ಆದ ಕಾಲಂ ಎಕ್ಸ್‌ಪ್ಯಾಂಡ್ ಮಾಡಿದ (ಬಿಡಿಸಿದ) ಕೂಡಲೇ 500ರ ಒಂದು ಬಿಲ್ಲು ಎರಡು ಸಾಲಾಗಿ, ಮೊತ್ತ 1000 ಆಗುತ್ತದೆ. ಪವರ್ ಬಿಐನಲ್ಲಿ ಡೇಟಾ ಸಿದ್ಧಪಡಿಸುವ ಭಾಗವಾದ ಪವರ್ ಕ್ವೆರಿಯಲ್ಲಿ ಆ ಟೇಬಲ್ಲಿಗೆ ಮೊದಲು ಗ್ರೂಪ್ ಬೈ ಹಾಕಿ, ಕೋಡಿಗೊಂದೇ ಸಾಲು ಉಳಿಸಿಕೊಂಡು, ಆಮೇಲೆ ಮರ್ಜ್ ಮಾಡಿ.

ಎರಡೂ ಕಡೆ ಕೋಡ್ ಕಾಲಂ ಟೆಕ್ಸ್ಟ್ ಆಗಿರಲಿ. ತಾನಾಗಿ ಸೇರಿಕೊಳ್ಳುವ ‘ಚೇಂಜ್ಡ್ ಟೈಪ್’ ಹಂತ 00127 ಅನ್ನು 127 ಮಾಡಿಬಿಡಬಹುದು. ಆ ಹಂತವನ್ನೇ ತಿದ್ದಬೇಕು, ಅದರ ನಂತರ ಇನ್ನೊಂದು ಹಂತ ಸೇರಿಸಿದರೆ ಹೋದ ಸೊನ್ನೆ ಮರಳುವುದಿಲ್ಲ. ಕೋಡಿನಲ್ಲಿ ಇಂಗ್ಲಿಷ್ ಅಕ್ಷರಗಳಿದ್ದರೆ ಟ್ರಿಮ್ (ಅಂಚಿನ ಖಾಲಿ ಜಾಗ ತೆಗೆಯುವುದು) ಜೊತೆ ಅಪ್ಪರ್‌ಕೇಸ್ ಕೂಡ ಬೇಕು, ಮರ್ಜ್‌ಗೆ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ. ಮೊದಲ ಟೇಬಲ್‌ನಲ್ಲಿ ಹೊಂದದೆ ಉಳಿದ ಸಾಲುಗಳನ್ನು ಲೆಫ್ಟ್ ಆಂಟಿ ಜಾಯಿನ್ ಎಂಬ ಮರ್ಜ್ ಬಗೆ ತೋರಿಸುತ್ತದೆ.